ಕಾಡಿನ ಬಾಗಿಲಲ್ಲಿ ಒಂದು ಅರ್ಜಿ

– ದೊಡ್ಡಪ್ಪ, ನೀವು ಅರಣ್ಯ ಇಲಾಖೆಯಲ್ಲೇ ತಲೆ ಹಣ್ಣು ಮಾಡಿಕೊಂಡವರು. ಒಂದು ವಿಷಯ ಬಿಡಿಸಿ ಹೇಳಿ. ಸಫಾರಿಗೆ ಹೋಗೋರು ಫೋನಿನಲ್ಲೇ ದುಡ್ಡು ಕಟ್ಟಿ ಮಾರನೇ ದಿನ ಬೆಳಿಗ್ಗೆ ಜೀಪಿನಲ್ಲಿ ಕೂತಿರ್ತಾರೆ. ಚಾರಣಕ್ಕೂ ಅಷ್ಟೇ, ಟಿಕೆಟ್ ಸಿಕ್ಕಿದರೆ ಆಯ್ತು. ತೊರೆಯ ಪಕ್ಕ ಕೂತು ಕಪ್ಪೆಗಳ ಕೂಗು ದಾಖಲಿಸ್ತೀನಿ ಅಂತ ನಾನು ಬೇಸಿಗೆಯಲ್ಲೇ ಕೊಟ್ಟ ಅರ್ಜಿ ಮಾತ್ರ ಯಾವ ಮೇಜಿನ ಮೇಲಿದೆಯೋ ಗೊತ್ತಿಲ್ಲ. ಘಟ್ಟದಲ್ಲಿ ಮಳೆ ಹಿಡಿದಾಯ್ತು. ಮಳೆ ಬಿಟ್ಟ ಮೇಲೆ ಅನುಮತಿ ಬಂದರೆ ನಾನು ಯಾವ ಕಪ್ಪೆಯನ್ನು ಹುಡುಕಲಿ?

– ಅರ್ಜಿಯ ಪ್ರತಿ ತಂದಿದ್ದೀಯಾ?

– ತಂದಿದ್ದೀನಿ. ಮೇಲೆ ವಿಶ್ವವಿದ್ಯಾಲಯದ ಪತ್ರ, ಕೆಳಗೆ ನನ್ನ ಸಂಶೋಧನೆಯ ವಿವರ.

– ಕೊಡು, ಓದೋಣ. ಅದಕ್ಕೂ ಮೊದಲು ನಿನ್ನ ಪ್ರಶ್ನೆಗೆ ಬರ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಓದಿದ್ದೀಯಲ್ಲ? ಅಭಯಾರಣ್ಯದೊಳಗೆ ಯಾರೂ ಬರಕೂಡದು ಅನ್ನೋದೇ ಅದರ ಮೂಲ. ಕೆಲಸದ ಮೇಲಿರೋ ಸರ್ಕಾರಿ ನೌಕರ, ಒಳಗೆ ವಾಸಕ್ಕೆ ಅನುಮತಿ ಪಡೆದವನು, ಒಳಗೆ ಮನೆ-ಜಮೀನಿನ ಹಕ್ಕಿರೋನು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗೋನು, ಮೊದಲ ಮೂವರ ಅವಲಂಬಿತರು. ಇಷ್ಟು ಜನರನ್ನು ಬಿಟ್ಟರೆ ಮಿಕ್ಕವರೆಲ್ಲ ಮುಖ್ಯ ವನ್ಯಜೀವಿ ಪರಿಪಾಲಕರ ಪರ್ಮಿಟ್ ಪಡೀಬೇಕು. ಪರ್ಮಿಟ್ಟನ್ನು ಯಾವ ಕಾರಣಕ್ಕೆ ಕೊಡಬಹುದು ಅಂತ 28ನೇ ಸೆಕ್ಷನ್ ಹೇಳುತ್ತೆ: ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗೆ ವಾಸವಿರೋರ ಜೊತೆಗಿನ ನ್ಯಾಯಬದ್ಧ ವ್ಯವಹಾರ. 2022ರ ತಿದ್ದುಪಡಿಯಲ್ಲಿ ಛಾಯಾಗ್ರಹಣದ ಜೊತೆ ಸಿನಿಮಾ ಚಿತ್ರೀಕರಣವೂ ಸೇರಿಕೊಂಡಿತು, ನೆಲೆಗೂ ಪ್ರಾಣಿಗೂ ತೊಂದರೆ ಆಗಬಾರದು ಅನ್ನೋ ಷರತ್ತಿನ ಮೇಲೆ. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ಅನ್ವಯ. ಜೀಪಿನಲ್ಲಿ ಕೂತ ಪ್ರವಾಸಿಯೂ ನೀನೂ ಒಂದೇ ಸೆಕ್ಷನ್ನಿನ ಅಡಿ ಒಳಗೆ ಬರೋರು.

– ಒಂದೇ ಸೆಕ್ಷನ್ ಅಂದಮೇಲೆ ಅವರಿಗೆ ಅಷ್ಟು ಬೇಗ, ನನಗೆ ಇಷ್ಟು ತಡ ಯಾಕೆ?

– ಅವರು ಎಲ್ಲಿಗೆ ಹೋಗ್ತಾರೆ, ಎಷ್ಟು ಹೊತ್ತಿಗೆ ಹೊರಗೆ ಬರ್ತಾರೆ ಅನ್ನೋದು ಮೊದಲೇ ತೀರ್ಮಾನವಾಗಿದೆ ಕಣೆ. ಬಂಡೀಪುರದಲ್ಲಾಗಲಿ ನಾಗರಹೊಳೆಯಲ್ಲಾಗಲಿ ಸಫಾರಿಯ ವಲಯ ಬೇರೆ, ದಾರಿ ಬೇರೆ, ಗಾಡಿಯಿಂದ ಕೆಳಗಿಳಿಯೋ ಹಾಗಿಲ್ಲ. 2012ರ ಜುಲೈನಲ್ಲಿ ಹುಲಿ ಕಾಡುಗಳ ಕೋರ್ ಪ್ರದೇಶದಲ್ಲಿ ಪ್ರವಾಸವನ್ನೇ ಸುಪ್ರೀಂ ಕೋರ್ಟ್ ನಿಲ್ಲಿಸಿತ್ತು. ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದಮೇಲೆ ತಡೆ ತೆರವಾಯ್ತು. ಕೋರ್‌ನ ಶೇ 20ಕ್ಕಿಂತ ಹೆಚ್ಚು ಭಾಗ ಪ್ರವಾಸಕ್ಕೆ ಬಳಕೆ ಆಗಬಾರದು ಅನ್ನೋ ಮಿತಿ ಆಗ ಬಂದಿದ್ದು. ನೀನು ಕೇಳಿರೋ ಜಾಗ ಹುಲಿ ಕಾಡಲ್ಲ, ನಿಜ. ಆದರೂ ಯೋಚನೆ ಮಾಡು: ಗುರುತು ಹಾಕಿದ ದಾರಿಯಲ್ಲಿ ಹಗಲು ಹೋಗಿ ಬರೋನಿಗೆ ಟಿಕೆಟ್ ಸಾಕು. ದಾರಿಯೇ ಇಲ್ಲದ ತೊರೆಗೆ, ಅದೂ ರಾತ್ರಿ ಹೊತ್ತು, ಮಳೆಯಲ್ಲಿ ಇಳೀತೀನಿ ಅನ್ನೋಳಿಗೆ ಟಿಕೆಟ್ ಕೊಟ್ಟು ಕಳಿಸೋಕಾಗುತ್ತಾ?

– ಗುರುತು ಹಾಕಿದ ದಾರಿಯ ಕತೆ ಕುಮಾರ ಪರ್ವತದಲ್ಲಿ ಏನಾಯ್ತು ಅಂತ ನೋಡಿದೆವಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಒಂದೇ ಸಲ ಹತ್ತಿದರು. ಬೆಟ್ಟದ ಏಣಿನುದ್ದಕ್ಕೂ ಬಣ್ಣಬಣ್ಣದ ಜಾಕೆಟ್‌ಗಳು. ಅದು ಪುಷ್ಪಗಿರಿ ಅಭಯಾರಣ್ಯ, ದೇವಸ್ಥಾನದ ಸಾಲಲ್ಲ. ಆ ಚಿತ್ರ ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ ದೊಡ್ಡಪ್ಪ. ಹುಲ್ಲುಗಾವಲಿನ ತೆಳು ಮಣ್ಣು, ಪಕ್ಕದಲ್ಲೇ ಶೋಲಾ ಕಾಡು, ಅದರ ಬುಡದಲ್ಲಿ ಕುಮಾರಧಾರೆಗೆ ನೀರು ಕೊಡೋ ತೊರೆಗಳು. ಅಷ್ಟು ಕಾಲು ಒಂದೇ ಬೆಳಿಗ್ಗೆ ಅದನ್ನು ತುಳಿದವು.

– ನನಗೂ ಹೊಟ್ಟೆ ಉರಿದಿತ್ತು. ಅದಾದ ಮೇಲೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿದ್ದು, ಆಮೇಲೆ ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿ ಮತ್ತೆ ಬಿಟ್ಟಿದ್ದು. ಒಳ್ಳೇದೇ. ಆದರೆ ತಲೆ ಎಣಿಸಿದ ಮಾತ್ರಕ್ಕೆ ಕೆಲಸ ಮುಗಿಯೋದಿಲ್ಲ. ಪಟ್ಟಿ ಹಿಡಿದು ಗೇಟಿನಲ್ಲಿ ನಿಲ್ಲೋ ವಾಚರ್‌ಗೆ ಹೆಸರು ಸಿಗುತ್ತೆ, ಉದ್ದೇಶ ಸಿಗೋದಿಲ್ಲ. ನಿನ್ನಂಥವಳ ಅರ್ಜಿಯಲ್ಲಿ ಉದ್ದೇಶ ಇರುತ್ತೆ. ಅದನ್ನು ಯಾರಾದರೂ ಕೂತು ಓದಬೇಕು. ಓದೋದಕ್ಕೆ ಸಮಯ ಬೇಕು.

– ಓದೋದಕ್ಕೆ ಸಮಯ ತಗೊಂಡರೆ ನನಗೆ ಬೇಜಾರಿಲ್ಲ. ಓದದೇ ಇಟ್ಟುಕೊಂಡರೆ?

– ಅದಕ್ಕೆ ಬರ್ತೀನಿ, ತಡಿ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಹಿರಿಯರು ಹೇಳ್ತಿದ್ದರು, ಅವರ ಕಾಲದಲ್ಲಿ ಪರ್ಮಿಟ್ ಅಂದರೆ ಬೇಟೆಯ ಪರ್ಮಿಟ್ಟೇ. ಈ ಬ್ಲಾಕಿನಲ್ಲಿ ಇಂತಿಷ್ಟು ದಿನ, ಇಂಥ ಪ್ರಾಣಿ, ಇಷ್ಟು ಸಂಖ್ಯೆ. ದುಡ್ಡು ಕಟ್ಟು, ಕೋವಿ ತಗೊಂಡು ಹೋಗು. ಬಂಡೀಪುರವೇ ಮೈಸೂರು ಮಹಾರಾಜರ ಬೇಟೆಯ ಕಾಡಾಗಿತ್ತು. 1972ರ ಕಾಯ್ದೆ ಬಂದು, 1973ರಲ್ಲಿ ಹುಲಿ ಯೋಜನೆ ಶುರುವಾಗಿ ಬಂಡೀಪುರ ಮೊದಲ ಒಂಬತ್ತು ಹುಲಿ ಕಾಡುಗಳಲ್ಲಿ ಒಂದಾಯ್ತು. ಕೋವಿ ಹಿಡಿದು ಬರೋನಿಗೆ ಬಾಗಿಲು ಮುಚ್ಚಿ, ತಿಳಿದುಕೊಳ್ಳೋಕೆ ಬರೋಳಿಗೆ ಬಾಗಿಲು ತೆರೆದದ್ದು ಅದೇ ಕಾಯ್ದೆ. ಅಷ್ಟರ ಮಟ್ಟಿಗೆ ಅದು ನಿನ್ನ ಪರವಾಗೇ ಇದೆ.

– ಕಪ್ಪೆ ಹುಡುಕಿದ ಹಳಬರಿಗೆ ಅಂಥ ಅನುಮತಿ ಬೇಕಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ದಕ್ಷಿಣ ಭಾರತದ ಎಷ್ಟೋ ಹೊಸ ಕಪ್ಪೆಗಳನ್ನು ಲೋಕಕ್ಕೆ ತಿಳಿಸಿದರು. ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯೋ ಕಪ್ಪೆ ಅವರು ಹೇಳಿದ್ದೇ. ತೊರೆಯ ಬಂಡೆ ಮೇಲೆ ಗಂಡು ಕಪ್ಪೆ ಹಿಂಗಾಲನ್ನು ಹಿಂದಕ್ಕೆ ಚಾಚಿ, ಬೆರಳ ನಡುವಿನ ಪೊರೆಯನ್ನು ಬಿಡಿಸಿ ಬೀಸುತ್ತೆ. ನೀರಿನ ಭೋರ್ಗರೆತದಲ್ಲಿ ಕೂಗು ಕೇಳಿಸೋದಿಲ್ಲವಲ್ಲ, ಕಾಲೇ ಅದರ ಮಾತು. ರಾಯರು ಸಂಗ್ರಹಿಸಿಟ್ಟ ಮಾದರಿಗಳು ಮುಂದೆ ಕಳೆದುಹೋದವು. ಆದರೆ ಯಾವ ಊರಿನ ಹತ್ತಿರ ಸಿಕ್ಕಿತು ಅಂತ ಅವರು ಬರೆದಿಟ್ಟಿದ್ದು ಉಳಿದಿತ್ತು. ಆಮೇಲಿನವರು ಅದನ್ನೇ ಹಿಡಿದು ಮತ್ತೆ ಅದೇ ಘಟ್ಟಕ್ಕೆ ಹೋಗಿ ಆ ಕಪ್ಪೆಗಳನ್ನು ಗುರುತಿಸಿದರು.

– ಇಲ್ಲಿ ಎರಡು ವಿಷಯ ಇದೆ, ಗಮನಿಸು. ಬಾಟಲಿಯಲ್ಲಿದ್ದದ್ದು ಹೋಯ್ತು. ಕಾಡಿನಲ್ಲಿದ್ದದ್ದು ಉಳೀತು, ಬರೆದದ್ದು ಉಳೀತು. ಕಾಡು ಉಳಿಯದೇ ಇದ್ದಿದ್ದರೆ ಆ ಬರಹ ಹಿಡಿದುಕೊಂಡು ಎಲ್ಲಿಗೆ ಹೋಗ್ತಿದ್ದರು? ಬಾಗಿಲು ಬಿಗಿಯಾಗಿರಲಿ ಅಂತ ನಾನು ಹೇಳೋದು ಅದಕ್ಕೇ.

– ಬಿಗಿಯಾಗಿರಲಿ, ಒಪ್ತೀನಿ. ಎಲ್ಲರಿಗೂ ಒಂದೇ ಬಿಗಿ ಇರಲಿ. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಅಂತ ಬಂತು. ಸಿಂಗಳೀಕಗಳಿಗೆ ಅಂತಲೇ 2019ರಲ್ಲಿ ವಿಸ್ತರಿಸಿದ ಅಭಯಾರಣ್ಯ ಅದು. ಅಲ್ಲಿ ಭೂಮಿ ಕೊರೆದು ಪರೀಕ್ಷೆ ಮಾಡೋಕೆ ಒಪ್ಪಿಗೆ ಸಿಕ್ಕಿತು. ಕೊರೆಯೋ ಯಂತ್ರಕ್ಕೆ ದಾರಿ ಸಿಗುತ್ತೆ, ಟಾರ್ಚ್ ಹಿಡಿದ ವಿದ್ಯಾರ್ಥಿಗೆ ಸಿಗೋದಿಲ್ಲ ಅಂದರೆ ನನ್ನಂಥವರಿಗೆ ಸಿಟ್ಟು ಬರಬಾರದಾ?

– ಬರಬೇಕು. ಆ ಯೋಜನೆಯ ವಿಷಯದಲ್ಲಿ ನಿನ್ನದೂ ನನ್ನದೂ ಒಂದೇ ಅಭಿಪ್ರಾಯ. ಸಿಂಗಳೀಕ ಮರದಿಂದ ಮರಕ್ಕೆ ನಡೆದು ಬದುಕೋ ಪ್ರಾಣಿ. ಮೇಲಿನ ಹಸಿರು ಒಂದು ಕಡೆ ತುಂಡಾದರೆ ಅದರ ಹಿಂಡು ಅಲ್ಲಿಗೇ ನಿಂತುಬಿಡುತ್ತೆ. ಆದರೆ ಆ ಸಿಟ್ಟನ್ನು ನಿನ್ನ ಅರ್ಜಿಗೆ ತರಬೇಡ. ದೊಡ್ಡದಕ್ಕೆ ದಾರಿ ಬಿಟ್ಟಿದ್ದೀರಿ, ನನಗೂ ಬಿಡಿ ಅನ್ನೋ ವಾದ ಹಿಡಿದರೆ ನೀನೂ ಆ ಸಾಲಿನಲ್ಲಿ ನಿಂತ ಹಾಗಾಗುತ್ತೆ. ನನ್ನ ಕಾಲಿನಿಂದ ಇಲ್ಲಿ ಏನೂ ಹಾಳಾಗೋದಿಲ್ಲ ಅಂತ ತೋರಿಸು.

– ಕಪ್ಪೆಯನ್ನು ಮುಟ್ಟೋದೂ ಇಲ್ಲ ದೊಡ್ಡಪ್ಪ, ಬರೀ ಧ್ವನಿ, ಬರೀ ಫೋಟೊ. ಏನು ಹಾಳಾಗುತ್ತೆ?

– ನಿನ್ನ ಶೂ ತೋರಿಸು.

– ಶೂ ಯಾಕೆ?

– ಹೋದ ವಾರ ಎಲ್ಲಿಗೆ ಹಾಕಿಕೊಂಡು ಹೋಗಿದ್ದೆ?

– ಚಾರ್ಮಾಡಿ ಹತ್ತಿರದ ಒಂದು ತೋಟದ ಹಳ್ಳಕ್ಕೆ... ಅರ್ಥವಾಯ್ತು. ಅಡಿಯ ಗೆರೆಗಳಲ್ಲಿ ಆ ಕೆಸರು ಇನ್ನೂ ಇದೆ.

– ಕೈಟ್ರಿಡ್ ಶಿಲೀಂಧ್ರದ ಬಗ್ಗೆ ನನಗಿಂತ ನೀನು ಹೆಚ್ಚು ಓದಿರ್ತೀಯ.

– ಓದಿದ್ದೀನಿ. ಕಪ್ಪೆಯ ಚರ್ಮಕ್ಕೆ ಹತ್ತೋ ರೋಗ. ಕಪ್ಪೆ ಚರ್ಮದ ಮೂಲಕವೇ ನೀರು, ಲವಣ ಎಲ್ಲ ಸರಿದೂಗಿಸಿಕೊಳ್ಳೋದು, ಚರ್ಮ ಕೆಟ್ಟರೆ ಹೃದಯವೇ ನಿಲ್ಲುತ್ತೆ. ಜಗತ್ತಿನಲ್ಲಿ ಕಡಿಮೆ ಅಂದರೂ 501 ಉಭಯಚರ ಜಾತಿಗಳು ಇದರಿಂದ ಕುಸಿದಿವೆ, ಅದರಲ್ಲಿ 90 ಜಾತಿಗಳು ಕಾಣೆಯೇ ಆಗಿರಬಹುದು ಅಂತ 2019ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ನಮ್ಮ ಘಟ್ಟದ ಕಪ್ಪೆಗಳ ಮೇಲೂ ಆ ಶಿಲೀಂಧ್ರ ಪತ್ತೆಯಾಗಿದೆ. ಒದ್ದೆ ಕೆಸರಿನಲ್ಲಿ, ಒದ್ದೆ ಬಲೆಯಲ್ಲಿ ಅದು ಒಂದು ನೀರಿನಿಂದ ಇನ್ನೊಂದು ನೀರಿಗೆ ಹೋಗುತ್ತೆ.

– ಈಗ ಹೇಳು, ಕಪ್ಪೆಯನ್ನು ಪ್ರೀತಿಸೋಳೇ ಮೂರು ತೊರೆಗಳ ಕೆಸರನ್ನು ನಾಲ್ಕನೇ ತೊರೆಗೆ ತಂದು ತೊಳೆದರೆ? ಸಫಾರಿ ಜೀಪಿನವನು ಆ ತೊರೆಗೆ ಇಳಿಯೋದೇ ಇಲ್ಲ. ಇಳಿಯೋಳು ನೀನು.

– ಐಸ್‌ಲ್ಯಾಂಡಿನ ಪಕ್ಕದ ಸರ್ಟ್ಸಿ ದ್ವೀಪದ ವಿಷಯ ನೆನಪಾಯ್ತು. 1963ರಲ್ಲಿ ಸಮುದ್ರದ ತಳದ ಜ್ವಾಲಾಮುಖಿ ಉಗುಳಿದ್ದರಿಂದ ಹುಟ್ಟಿದ ಹೊಸ ನೆಲ. ಬರಿದಾದ ನೆಲಕ್ಕೆ ಜೀವ ತಾನಾಗಿ ಹೇಗೆ ಬರುತ್ತೆ ಅಂತ ನೋಡೋದಕ್ಕೆ 1965ರಲ್ಲೇ ಅದನ್ನು ಸಂರಕ್ಷಿತ ಪ್ರದೇಶ ಮಾಡಿದರು. ಕೆಲವೇ ವಿಜ್ಞಾನಿಗಳನ್ನು ಬಿಟ್ಟು ಯಾರಿಗೂ ಪ್ರವೇಶ ಇಲ್ಲ. ಅಲ್ಲೂ ಒಂದು ಸಲ ಟೊಮೆಟೊ ಗಿಡ ಎದ್ದಿತ್ತಂತೆ. ಎಲ್ಲಿಂದ ಬಂತು ಅಂತ ನೋಡಿದರೆ, ಅಲ್ಲಿಗೆ ಹೋದವರೊಬ್ಬರು ಬಯಲಿಗೆ ಹೋಗಿದ್ದ ಜಾಗ. ಗಿಡ ಕಿತ್ತು ಹಾಕಿದರು.

– ನೋಡಿದೆಯಾ! ನಿನ್ನ ಅರ್ಜಿಯ ‘ವಿಧಾನ’ ಅನ್ನೋ ಭಾಗದಲ್ಲಿ ಶೂ ವಿಷಯ ಒಂದು ಸಾಲೂ ಇಲ್ಲ. ಬರಿ.

– ಬ್ರಷ್‌ನಿಂದ ಕೆಸರೆಲ್ಲ ಕೆರೆದು, ಬ್ಲೀಚ್ ಹಾಕಿದ ನೀರಿನಲ್ಲಿ ಅದ್ದಿ, ಪೂರ್ತಿ ಒಣಗಿಸಿಯೇ ಇನ್ನೊಂದು ತೊರೆಗೆ ಇಳಿಯೋದು. ಟಾರ್ಚಿನ ಪಟ್ಟಿ, ರೆಕಾರ್ಡರಿನ ಕಾಲು, ಉಂಬಳ ಕಚ್ಚದ ಹಾಗೆ ಹಾಕಿಕೊಳ್ಳೋ ಕಾಲುಚೀಲ, ಎಲ್ಲವೂ. ಬರ್ಕೊಂಡೆ.

– ಬ್ಲೀಚ್ ನೀರನ್ನು ಎಲ್ಲಿ ಚೆಲ್ತೀಯ?

– ತೊರೆಯಿಂದ ದೂರ...

– ಅಭಯಾರಣ್ಯದ ಒಳಗೆ ಎಲ್ಲೂ ಚೆಲ್ಲೋ ಹಾಗಿಲ್ಲ. ಜೀವಿಗಳಿಗೆ ಅಪಾಯ ಮಾಡೋ ರಾಸಾಯನಿಕ ಬಳಸಬಾರದು ಅಂತ 32ನೇ ಸೆಕ್ಷನ್ ಇದೆ. ಆ ಕೆಲಸ ಎಲ್ಲ ಚೆಕ್‌ಪೋಸ್ಟಿನ ಹೊರಗೆ ಮುಗಿಸಿಕೊಂಡು ಬಾ. ಅದನ್ನೂ ಬರಿ. ಇದನ್ನು ಓದಿದ ವಲಯ ಅರಣ್ಯಾಧಿಕಾರಿಗೆ ಈ ಹುಡುಗಿ ಯೋಚನೆ ಮಾಡಿ ಬಂದಿದ್ದಾಳೆ ಅಂತ ಗೊತ್ತಾಗುತ್ತೆ. ಅವರ ಷರಾ ಹೇಗಿರುತ್ತೋ ಅದರ ಮೇಲೇ ಅರ್ಧ ತೀರ್ಮಾನ.

– ಅವರ ಷರಾ ಯಾಕೆ? ಅರ್ಜಿ ಹೋಗಿರೋದು ಬೆಂಗಳೂರಿಗಲ್ಲವಾ?

– ಅರ್ಜಿ ಹೋಗೋದು ಬೆಂಗಳೂರಿನ ಅರಣ್ಯ ಭವನಕ್ಕೆ, ನಿಜ. ಅಲ್ಲಿಂದ ಅಭಿಪ್ರಾಯ ಕೇಳಿ ಕೆಳಗೆ ಬರುತ್ತೆ. ಉಪ ಅರಣ್ಯ ಸಂರಕ್ಷಣಾಧಿಕಾರಿಯ ಕಚೇರಿ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ, ಕೊನೆಗೆ ವಲಯ ಕಚೇರಿ. ವಲಯದವರು ಬರೆದದ್ದು ಅದೇ ಮೆಟ್ಟಿಲು ಹತ್ತಿ ವಾಪಸ್ ಹೋಗುತ್ತೆ. ಬೆಂಗಳೂರಿನಲ್ಲಿ ಕೂತವರಿಗೆ ನಿನ್ನ ತೊರೆಯ ಪಕ್ಕ ಆನೆ ದಾಟೋ ಜಾಗ ಇದೆಯೋ ಇಲ್ಲವೋ ಗೊತ್ತಿರೋದಿಲ್ಲ. ಬೀಟ್ ನೋಡೋ ಗಾರ್ಡ್‌ಗೆ ಗೊತ್ತಿರುತ್ತೆ. ಈ ಕಡತ ಕೆಳಗೆ ಬರೋದು ಸರಿಯಾದ ಪದ್ಧತಿಯೇ. ಹೋಗ್ತಾ ಬರ್ತಾ ಎಲ್ಲಿ ಎಷ್ಟು ದಿನ ಕೂರುತ್ತೆ ಅನ್ನೋದಕ್ಕೆ ಮಿತಿ ಇಲ್ಲದಿರೋದು ತಪ್ಪು.

– ಈಗ ನೀವೇ ಹೇಳಿದಿರಿ. ಜಾತಿ, ಆದಾಯದ ಪ್ರಮಾಣಪತ್ರಕ್ಕೆ ಸಕಾಲ ಕಾಯ್ದೆಯಲ್ಲಿ ಇಷ್ಟು ದಿನ ಅಂತ ಗೊತ್ತುಮಾಡಿದ್ದಾರೆ. ಕಪ್ಪೆಯ ಕೆಲಸಕ್ಕೂ ಹಾಗೊಂದು ದಿನ ಇರಬೇಡವಾ? ಕೊಡೋದಿಲ್ಲ ಅಂತಲಾದರೂ ಕಾರಣ ಬರೆದು ಹೇಳಲಿ. ತೊರೆ ಬದಲಾಯಿಸ್ತೀನಿ, ಅಭಯಾರಣ್ಯದ ಹೊರಗಿನ ತೋಟಗಳಲ್ಲಿ ಕೆಲಸ ಮಾಡ್ತೀನಿ. ಉತ್ತರವೇ ಬರದಿದ್ದರೆ ಒಂದು ಮಳೆಗಾಲ ಕಾಯ್ತಾ ಹೋಗುತ್ತೆ. ಪಿಎಚ್‌ಡಿಗೆ ಇರೋದು ಎಷ್ಟು ಮಳೆಗಾಲ? ಗೆಳತಿಯೊಬ್ಬಳು ಹೀಗೇ ಕಾದು ಸಾಕಾಗಿ ವಿಷಯವನ್ನೇ ಬದಲಾಯಿಸಿದಳು. ಇವತ್ತು ಪ್ರಯೋಗಾಲಯದಲ್ಲಿ ಕೂತಿದ್ದಾಳೆ. ಕಾಡು ಒಬ್ಬ ಒಳ್ಳೆಯ ವೀಕ್ಷಕಿಯನ್ನು ಕಳೆದುಕೊಂಡಿತು. ಆ ನಷ್ಟವನ್ನು ಯಾವ ಕಡತದಲ್ಲೂ ಯಾರೂ ಬರೆಯೋದಿಲ್ಲ.

– ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಋತು ನೋಡಿ ಉತ್ತರ ಕೊಡಬೇಕು. ಮಳೆಗಾಲದ ಕೆಲಸದ ಅರ್ಜಿಗೆ ಮೇ ಮುಗಿಯೋದರೊಳಗೆ ಹೌದೋ ಅಲ್ಲವೋ ಹೇಳಿಬಿಡಬೇಕು. ಹೇಳೋದು ಇಲಾಖೆಯ ಹೊಣೆ. ಆದರೆ ಕಡತ ಯಾಕೆ ಕೂರುತ್ತೆ ಅಂತಲೂ ಕೇಳು, ಅದು ನಿನ್ನ ಕಡೆಯವರು ತಿಳಿದುಕೊಳ್ಳಬೇಕಾದ್ದು. ನಾನು ವಲಯದಲ್ಲಿದ್ದಾಗ ಒಂದು ತಂಡ ಬಂತು. ದೊಡ್ಡ ಸಂಸ್ಥೆಯವರು, ಕಾಗದಪತ್ರ ಎಲ್ಲ ಚೊಕ್ಕ. ಕಳ್ಳಬೇಟೆ ತಡೆ ಶಿಬಿರದಲ್ಲೇ ಉಳಿದರು. ನಮ್ಮ ವಾಚರ್ ಅವರಿಗೆ ನಾಗರಹಾವಿನ ಹುತ್ತದಿಂದ ಹಿಡಿದು ಮಂಗಟ್ಟೆಯ ಪೊಟರೆವರೆಗೆ ಎಲ್ಲ ತೋರಿಸಿದ. ಅವರ ಅಕ್ಕಿ ಹೊತ್ತ, ರಾತ್ರಿ ಬೆಂಕಿ ಕಾದ. ಕೆಲಸ ಮುಗೀತು, ಹೋದರು. ವರದಿ ಬರಲಿಲ್ಲ. ಪತ್ರ ಬರೆದೆವು, ಅದಕ್ಕೂ ಉತ್ತರ ಇಲ್ಲ. ಆ ವಾಚರ್ ನನ್ನ ಹತ್ತಿರ ಎಷ್ಟೋ ಸಲ ಕೇಳಿದ, ‘ಸಾರ್, ಅವರು ಬರೆದದ್ದರಲ್ಲಿ ನಮ್ಮ ಕಾಡಿನ ವಿಷಯ ಏನಿದೆ?’ ಅಂತ. ಏನು ಹೇಳಲಿ? ಮುಂದಿನ ಅರ್ಜಿ ಬಂದಾಗ ಅವನ ಮುಖ ಹೇಗಿತ್ತು ಅನ್ನೋದನ್ನು ನೀನೇ ಊಹೆ ಮಾಡಿಕೋ. ಕಡತ ಕೂರೋದು ಸೋಮಾರಿತನದಿಂದ ಮಾತ್ರ ಅಲ್ಲ ಪುಟ್ಟಿ. ಕೊಟ್ಟು ಏನು ಬಂತು ಅನ್ನೋ ಬೇಸರವೂ ಅದರ ಮೇಲೆ ಕೂತಿರುತ್ತೆ.

– ಎಲ್ಲರೂ ಹಾಗಿರೋದಿಲ್ಲವಲ್ಲ.

– ಇಲ್ಲ. ಇನ್ನೊಬ್ಬಳು ಬಂದಿದ್ದಳು, ನಿನ್ನದೇ ವಯಸ್ಸು, ಮಂಗಟ್ಟೆಗಳ ಮೇಲೆ ಕೆಲಸ. ಹೆಣ್ಣು ಮಂಗಟ್ಟೆ ಪೊಟರೆಯ ಒಳಗೆ ಕೂತು ಅದರ ಬಾಯಿ ಮುಚ್ಚಿಕೊಳ್ಳೋದು ಬೇಸಿಗೆಯಲ್ಲೇ, ನಮಗೆ ಕಾಡ್ಗಿಚ್ಚಿನ ಭಯ ಇರೋದೂ ಬೇಸಿಗೆಯಲ್ಲೇ. ಆ ಹುಡುಗಿ ಹೊರಡೋ ಮುಂಚೆ ಒಂದು ಉದ್ದ ನೋಟ್‌ಪುಸ್ತಕ ಕೊಟ್ಟು ಹೋದಳು, ಪೂರ್ತಿ ಕನ್ನಡದಲ್ಲಿ. ಯಾವ ಮರ, ಯಾವ ಬೀಟು, ದಾರಿಯಿಂದ ಯಾವ ಕಡೆ, ಪೊಟರೆ ಎಷ್ಟು ಎತ್ತರದಲ್ಲಿ, ಗಂಡು ಯಾವ ಹಣ್ಣು ತಂದು ಕೊಡ್ತಿತ್ತು. ಮುಂದಿನ ವರ್ಷ ಬೆಂಕಿ ರೇಖೆ ಮಾಡಿಸುವಾಗ ಆ ಪುಸ್ತಕ ಹಿಡಿದುಕೊಂಡೇ ಹೋದೆವು. ಮೊದಲು ಆ ಮರಗಳ ಬುಡದ ತರಗೆಲೆ ಗುಡಿಸಿ, ಆಮೇಲೆ ಉಳಿದ ಕೆಲಸ. ಅವಳ ಸಂಸ್ಥೆಯಿಂದ ಆಮೇಲೆ ಬಂದ ಅರ್ಜಿಗಳನ್ನು ನಮ್ಮ ಗಾರ್ಡ್‌ಗಳೇ ನನಗೆ ನೆನಪು ಮಾಡಿ ಮೇಲಕ್ಕೆ ಕಳಿಸೋ ಹಾಗೆ ಮಾಡ್ತಿದ್ದರು.

– ಆ ಪುಸ್ತಕದಲ್ಲಿ ಇದ್ದಂಥ ಜಾಗದ ವಿವರ ಪ್ರಬಂಧದಲ್ಲಿ ಅಚ್ಚಾದರೆ ಕಷ್ಟ, ಅಲ್ಲವಾ? ನಮ್ಮಲ್ಲಿ ಈಗ ಜಿಪಿಎಸ್ ಅಂಕಿಗಳನ್ನು ಹಾಗೆಹಾಗೇ ಹಾಕಿಬಿಡೋ ಅಭ್ಯಾಸ ಇದೆ. ಕತ್ತಲೆಕಾನಿನ ರಾಂಪತ್ರೆ ಜಡ್ಡಿಯಲ್ಲಿ ಸಿಕ್ಕ ಕುಂಬಾರ ಕಪ್ಪೆಯ ವಿಷಯ 2014ರಲ್ಲಿ ಪ್ರಕಟವಾಯ್ತು. ನೀರಿನ ಮೇಲೆ ಬಾಗಿದ ಕಡ್ಡಿಗೆ ಹೆಣ್ಣು ಮೊಟ್ಟೆ ಅಂಟಿಸಿದ ಮೇಲೆ, ಗಂಡು ಹಿಂಗಾಲ ಮೇಲೆ ಎದ್ದು ನಿಂತು ತೊರೆಯ ಕೆಸರನ್ನು ಮುಂಗಾಲಿನಲ್ಲಿ ತಂದು ಒಂದೊಂದಾಗಿ ಮೊಟ್ಟೆಗಳಿಗೆ ಮೆತ್ತುತ್ತೆ. ಮೊಟ್ಟೆ ಒಣಗದ ಹಾಗೆ, ಬೇರೆಯವರ ಕಣ್ಣಿಗೆ ಬೀಳದ ಹಾಗೆ. ಇಷ್ಟು ಸೊಗಸಾದ ಪ್ರಾಣಿಯ ವಿಷಯ ತಿಳಿದರೆ ಕ್ಯಾಮೆರಾ ಹಿಡಿದವರು ಹುಡುಕಿಕೊಂಡು ಹೊರಡೋದು ಸಹಜ. ಜಡ್ಡಿಯ ಆ ಕೆಸರಿನಲ್ಲಿ ಒಂದೊಂದು ಹೆಜ್ಜೆಯೂ ಮೊಟ್ಟೆ ಅಂಟಿದ ಒಂದು ಕಡ್ಡಿಯನ್ನು ಮುರಿಯಬಹುದು.

– ನಿಖರ ಜಾಗ ಇಲಾಖೆಗೆ ಮಾತ್ರ, ಪ್ರಕಟಣೆಯಲ್ಲಿ ತಾಲ್ಲೂಕು ಅಥವಾ ಕಣಿವೆಯ ಹೆಸರು ಮಾತ್ರ. ಇದನ್ನು ನೀನಾಗಿಯೇ ಮುಚ್ಚಳಿಕೆಯಲ್ಲಿ ಬರೆದುಕೊಡು. ಯಾರೂ ಕೇಳೋ ಮೊದಲೇ ಕೊಟ್ಟರೆ ಅದಕ್ಕೆ ಬೆಲೆ ಹೆಚ್ಚು. ಇದೇನು, ಏಳನೇ ಪುಟದಲ್ಲಿ ‘ಚರ್ಮದ ಸ್ವ್ಯಾಬ್ ಮಾದರಿ, ವಿದೇಶಿ ಸಹಯೋಗಿ ಪ್ರಯೋಗಾಲಯಕ್ಕೆ’ ಅಂತ ಇದೆ? ಕಪ್ಪೆಯನ್ನು ಮುಟ್ಟೋದೇ ಇಲ್ಲ ಅಂದೆ.

– ಅದು ನಮ್ಮ ಮಾರ್ಗದರ್ಶಕರ ಗೆಳೆಯರೊಬ್ಬರ ಕೋರಿಕೆ. ಮುಂದೆ ಬೇಕಾಗಬಹುದು ಅಂತ ಸೇರಿಸಿದ್ದು.

– ತೆಗಿ. ಪ್ರವೇಶದ ಪರ್ಮಿಟ್ ಬೇರೆ, ಪ್ರಾಣಿಯನ್ನು ಹಿಡಿಯೋ ಅನುಮತಿ ಬೇರೆ. ಅದಕ್ಕೆ 12ನೇ ಸೆಕ್ಷನ್ ಇದೆ. ಮಾದರಿಯನ್ನು ದೇಶದಿಂದ ಹೊರಗೆ ಕಳಿಸೋದು ಅಂದರೆ 2002ರ ಜೀವವೈವಿಧ್ಯ ಕಾಯ್ದೆ ಬರುತ್ತೆ, ಚೆನ್ನೈನಲ್ಲಿರೋ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಬಾಗಿಲಿಗೆ ಹೋಗಬೇಕು. ಆ ಒಂದು ಸಾಲಿನಿಂದ ನಿನ್ನ ಇಡೀ ಕಡತ ಕಾನೂನು ಅಭಿಪ್ರಾಯಕ್ಕೆ ಅಂತ ಬೇರೆ ಕಡೆಗೆ ಹೋಗಿರಬಹುದು. ಇವತ್ತು ಬೇಕಾದ್ದನ್ನಷ್ಟೇ ಕೇಳು.

– ಅದೊಂದು ಸಾಲು ಇಷ್ಟು ಭಾರ ಅಂತ ಯಾರೂ ಹೇಳಲಿಲ್ಲ ನೋಡಿ.

– ಹೇಳೋ ವ್ಯವಸ್ಥೆ ಇಲ್ಲ. ಯಾವ ಅರ್ಜಿಯಲ್ಲಿ ಏನಿರಬೇಕು ಅಂತ ಒಂದು ಮಾದರಿ ಕನ್ನಡದಲ್ಲಿ ಪ್ರತಿ ವನ್ಯಜೀವಿ ವಿಭಾಗದ ಗೋಡೆ ಮೇಲೆ ಇರಬೇಕು, ನನ್ನ ಆಸೆ ಅದು. ಮುಂದೆ ಓದ್ತೀನಿ. ‘ಸಂಜೆ ಏಳರಿಂದ ರಾತ್ರಿ ಹನ್ನೊಂದರವರೆಗೆ.’ ಸರಿ, ಇರುಳುಗಪ್ಪೆಗಳು ಆ ಹೊತ್ತಿಗೇ ಕೂಗೋದು. ಜೊತೆಗೆ ಬರೋದು ಯಾರು?

– ಇಲಾಖೆಯ ಸಿಬ್ಬಂದಿ ಒಬ್ಬರು ಅಂತ ಬರೆದಿದ್ದೀನಲ್ಲ.

– ಆ ಒಬ್ಬರು ಬೆಳಿಗ್ಗೆ ಆರಕ್ಕೆ ಎದ್ದು ಬೀಟ್ ಸುತ್ತಿ, ದಾರಿಗೆ ಬಿದ್ದ ಮರ ಕಡಿಸಿ, ಕಾಟಿ ನುಗ್ಗಿದ ಗದ್ದೆಯ ಮಹಜರು ಬರೆದು, ಸಂಜೆ ಶಿಬಿರಕ್ಕೆ ಬಂದು ಒದ್ದೆ ಬಟ್ಟೆ ಒಣಹಾಕಿದವನು. ಅವನನ್ನು ನೀನು ಮತ್ತೆ ಮಳೆಗೆ ಕರೀತಿದ್ದೀಯ. ಆನೆ ಎದುರಾದರೆ ಮುಂದೆ ನಿಲ್ಲೋನೂ ಅವನೇ. ವಾರದಲ್ಲಿ ಯಾವ ರಾತ್ರಿಗಳು, ಎಷ್ಟು ತೊರೆ, ಅವನಿಗೆ ಮಾರನೇ ದಿನ ಬಿಡುವು ಹೇಗೆ, ಇದನ್ನೆಲ್ಲ ವಲಯ ಅರಣ್ಯಾಧಿಕಾರಿಯ ಜೊತೆ ಕೂತು ಮಾತಾಡಿ ಬರಿ. ಹತ್ತಿರದ ಹಾಡಿಯಿಂದ, ಊರಿನಿಂದ ಒಬ್ಬರನ್ನು ಕೂಲಿ ಕೊಟ್ಟು ಸಹಾಯಕ್ಕೆ ಇಟ್ಟುಕೊಳ್ತೀನಿ ಅಂತ ಸೇರಿಸು.

– ಊರಿನವರ ವಿಷಯ ಬಂತಲ್ಲ, ನನಗೆ ಇನ್ನೊಂದು ಚುಚ್ಚುತ್ತೆ. ಒಳಗೇ ಹುಟ್ಟಿ ಬೆಳೆದವರಿಗೆ ನಾವು ಕಾಗದ ಹಿಡಿದುಕೊಂಡು ಹೋಗಿ ಅವರ ಕಾಡನ್ನು ಪರಿಚಯ ಮಾಡಿಕೊಡೋ ಹಾಗೆ ಮಾತಾಡ್ತೀವಿ. ಅವರ ಮನೆಗೆ ಬರೋ ನೆಂಟರನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ಕೇಳ್ತಾರೆ.

– ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅದಕ್ಕೇ ಹೋರಾಡಿದ್ದು. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಕಾಡು ಅಂತ ಘೋಷಣೆಯಾದ ವರ್ಷವೇ ಅದು. ದೊಡ್ಡಸಂಪಿಗೆ ಮರಕ್ಕೆ ಪೂಜೆಗೆ ಹೋಗೋ ಸೋಲಿಗರ ಹಿರಿಯರು ಯಾರ ಪರ್ಮಿಟ್ಟಿನ ಮೇಲೂ ಹೋಗಬೇಕಾಗಿಲ್ಲ, ಅದು ಅವರ ಹಕ್ಕು. ನೀನು ಹೋಗೋದಾದರೆ ಪರ್ಮಿಟ್ ಬೇಕು. ಈ ವ್ಯತ್ಯಾಸ ಸರಿಯಾಗಿಯೇ ಇದೆ. ಹಕ್ಕಿರೋರನ್ನು ಗೇಟಿನಲ್ಲಿ ಅನುಮಾನದಿಂದ ನೋಡಿದರೆ ಅದು ಕಾನೂನು ಹೇಳಿದ್ದಲ್ಲ, ನಮ್ಮವರ ನಡತೆಯ ದೋಷ. ತಿದ್ದಿಕೊಳ್ಳಬೇಕಾದ್ದು ನಾವು.

– ಹಾಗಾದರೆ ನನ್ನ ಅರ್ಜಿಯಲ್ಲಿ ಅವರಿಗೂ ಜಾಗ ಇರಬೇಕು. ತೊರೆಯ ಹತ್ತಿರದ ಎರಡು ಮನೆಯ ಹಿರಿಯರಿಗೆ ಯಾವ ಕಪ್ಪೆ ಯಾವ ನಕ್ಷತ್ರದ ಮಳೆಯಲ್ಲಿ ಕೂಗೋಕೆ ಶುರು ಮಾಡುತ್ತೆ ಅಂತ ಗೊತ್ತು. ಆರಿದ್ರಾದಲ್ಲಿ ಒಂದು, ಪುಷ್ಯದಲ್ಲಿ ಒಂದು. ಅದನ್ನು ಅವರ ಹೆಸರಿನಲ್ಲೇ ದಾಖಲಿಸಬೇಕು ಅಂತ ನನಗಿದೆ, ಅವರು ಒಪ್ಪಿದರೆ.

– ಅದನ್ನು ಮೊದಲ ಪುಟಕ್ಕೆ ತಾ. ಏಳನೇ ಪುಟದ ಸ್ವ್ಯಾಬ್ ಹೋಯ್ತಲ್ಲ, ಆ ಜಾಗಕ್ಕೆ ಇದು: ಕೆಲಸ ಮುಗಿದ ಮೇಲೆ ನಾನು ಏನು ಕೊಡ್ತೀನಿ. ಪಿಎಚ್‌ಡಿ ಪ್ರಬಂಧದ ಪ್ರತಿ ಅಂತ ಮಾತ್ರ ಬರೀಬೇಡ. ಇಂಗ್ಲಿಷಿನ ಪ್ರಬಂಧವನ್ನು ವಲಯ ಕಚೇರಿಯ ಬೀರುವಿನಲ್ಲಿ ಇಟ್ಟರೆ ಗೆದ್ದಲಿಗಷ್ಟೇ ಅದರ ಉಪಯೋಗ. ಪ್ರತಿ ಮಳೆಗಾಲ ಮುಗಿದಾಗ ಕನ್ನಡದಲ್ಲಿ ಒಂದು ಸಣ್ಣ ವರದಿ, ಬೀಟಿನ ಹೆಸರುಗಳ ಸಮೇತ. ಕಪ್ಪೆಗಳ ಕೂಗನ್ನು ಗಾರ್ಡ್‌ಗಳ ಫೋನಿಗೆ ಹಾಕಿಕೊಡು. ಶಿಬಿರದಲ್ಲಿ ಒಂದು ಸಂಜೆ ಕೂತು ಕೇಳಿಸಿ ಪರಿಚಯ ಮಾಡಿಸು. ನೀನು ಊರಿಗೆ ಹೋದಮೇಲೂ ಯಾವ ತೊರೆಯಲ್ಲಿ ಯಾವ ಕೂಗು ನಿಂತುಹೋಯ್ತು ಅಂತ ಗಮನಿಸೋರು ಅವರೇ.

– ಧ್ವನಿ ದಾಖಲಿಸೋ ಪೆಟ್ಟಿಗೆಗಳನ್ನು ಮರಕ್ಕೆ ಕಟ್ಟಿ ಕೆಲವು ವಾರ ಬಿಡೋ ಯೋಚನೆಯೂ ಇದೆ.

– ಎಷ್ಟು ಪೆಟ್ಟಿಗೆ, ಯಾವ ಮರ, ಯಾವ ದಿನ ಕಟ್ಟೋದು, ಯಾವ ದಿನ ಬಿಚ್ಚೋದು, ಎಲ್ಲ ಬರಿ. ಮೊಳೆ ಹೊಡೆಯೋದಿಲ್ಲ, ಪಟ್ಟಿಯಲ್ಲಿ ಕಟ್ತೀನಿ ಅಂತಲೂ ಬರಿ. ಗಸ್ತಿನವರಿಗೆ ಗೊತ್ತಿಲ್ಲದ ಪೆಟ್ಟಿಗೆ ಕಾಡಿನಲ್ಲಿ ಕಂಡರೆ ಅವರು ಬಿಚ್ಚಿ ತಂದೇ ತರ್ತಾರೆ, ತರಬೇಕಾದ್ದೂ ಹೌದು. ಮನುಷ್ಯರ ಮಾತು ಅದರಲ್ಲಿ ದಾಖಲಾದರೆ ಅಳಿಸ್ತೀನಿ ಅನ್ನೋ ಮಾತೂ ಇರಲಿ. ಗಂಧದ ಕಳ್ಳನ ಮಾತು ಸಿಕ್ಕರೆ ಮಾತ್ರ ಅಳಿಸೋ ಮೊದಲು ವಲಯ ಕಚೇರಿಗೆ ತಿಳಿಸು. ಅಭಯಾರಣ್ಯದಲ್ಲಿ ವಾಸ ಮಾಡೋರೆಲ್ಲ ಅಪರಾಧ ತಡೆಯೋಕೆ ನೆರವಾಗಬೇಕು, ಸತ್ತ ಪ್ರಾಣಿ ಕಂಡರೆ ತಿಳಿಸಬೇಕು, ಬೆಂಕಿ ಕಂಡರೆ ಆರಿಸೋಕೆ ನಿಲ್ಲಬೇಕು ಅಂತ ಅದೇ 27ನೇ ಸೆಕ್ಷನ್ ಹೇಳುತ್ತೆ. ಶಿಬಿರದಲ್ಲಿ ಇರೋಷ್ಟು ದಿನ ಆ ಹೊಣೆ ನಿನಗೂ ಇದೆ ಅಂತ ತಿಳಿದುಕೊಂಡೇ ಒಳಗೆ ಹೋಗು.

– ಇಷ್ಟೆಲ್ಲ ಬರೆದು ಕೊಟ್ಟಮೇಲೂ ಈ ವರ್ಷದ ಮಳೆ ತಪ್ಪಿದರೆ?

– ಸುಳ್ಳು ಭರವಸೆ ಕೊಡೋದಿಲ್ಲ, ತಪ್ಪಲೂಬಹುದು. ಒಂದು ಕೆಲಸ ಮಾಡು. ತಿದ್ದಿದ ಅರ್ಜಿಯ ಜೊತೆ ಒಂದು ಪುಟದ ಪತ್ರ ಇಡು: ಇಂಥ ತಾರೀಕಿನೊಳಗೆ ಉತ್ತರ ಬರದಿದ್ದರೆ ಈ ಋತುವಿನ ಕೆಲಸ ಆಗೋದಿಲ್ಲ, ಆಗದಿದ್ದರೆ ಕಾರಣ ತಿಳಿಸಿ. ವಿನಯದಿಂದ ಬರಿ, ಸ್ಪಷ್ಟವಾಗಿ ಬರಿ. ಸ್ವೀಕೃತಿ ಮೊಹರು ಹಾಕಿಸಿಕೋ. ಅಷ್ಟರಲ್ಲಿ ಅಭಯಾರಣ್ಯದ ಗಡಿಯಾಚೆಯ ಕಾಫಿ, ಅಡಿಕೆ ತೋಟದ ಹಳ್ಳಗಳಲ್ಲಿ ಮಾಲೀಕರನ್ನು ಕೇಳಿಕೊಂಡು ದಾಖಲೆ ಶುರು ಮಾಡು. ಅದೇ ತೊರೆಯ ಕೆಳಗಿನ ಭಾಗ ಅಲ್ಲವಾ? ಮುಂದೆ ಮೇಲಿನ ಭಾಗಕ್ಕೆ ಹೋದಾಗ ಹೋಲಿಸೋಕೆ ಬೇಕೇ ಬೇಕು.

– ಹೌದು, ಆ ಹೋಲಿಕೆ ನನ್ನ ವಿವರದಲ್ಲೇ ಇರಲಿಲ್ಲ. ಔಷಧಿ ಹೊಡೆಯೋ ತೋಟದ ನೀರಿನಲ್ಲಿ ಎಷ್ಟು ಜಾತಿ ಕೂಗುತ್ತೆ, ಮೇಲೆ ಕಾಡಿನಲ್ಲಿ ಎಷ್ಟು, ಅದೇ ಒಂದು ಅಧ್ಯಾಯ ಆಗುತ್ತೆ. ಸೋಮವಾರ ವಲಯ ಕಚೇರಿಗೆ ಹೋಗ್ತೀನಿ. ನೀವು ಒಂದು ಫೋನ್ ಮಾಡಿ ಹೇಳ್ತೀರಾ ದೊಡ್ಡಪ್ಪ?

– ಮಾಡೋದಿಲ್ಲ. ನನ್ನ ಮಾತಿಗೆ ಅಂತ ಅವರು ಬರೆದರೆ ಅದು ನಿನ್ನ ಕೆಲಸ ನೋಡಿ ಬರೆದ ಷರಾ ಆಗೋದಿಲ್ಲ. ದೊಡ್ಡಪ್ಪ ಇಲ್ಲದ ಮಕ್ಕಳೂ ಇದೇ ಬಾಗಿಲಿಗೆ ಬರ್ತಾರೆ. ನೀನೇ ಹೋಗು, ಬೀಟ್ ಗಾರ್ಡ್ ಇದ್ದಾರಾ ಅಂತ ಕೇಳಿ ಅವರನ್ನೂ ಮಾತಾಡಿಸು. ಈಗ ನಕ್ಷೆ ತೆಗಿ, ನೀನು ಹೇಳಿದ ಎರಡನೇ ತೊರೆ ಯಾವ ಬೀಟಿಗೆ ಬರುತ್ತೆ ಅಂತ ನೋಡೋಣ. ನೀನು ಬರೆದಿರೋ ಸರ್ವೆ ನಂಬರಿನ ಮೇಲೆ ನನಗೆ ಅನುಮಾನ ಇದೆ.